ಕುಂಬಾರ ಹುಳ ಕೆಡಿಸಿದ ಕೋವಿ

ಅಪ್ಪಯ್ಯನ ಜೋಡುನಳಿಗೆ ಕೋವಿಯನ್ನು ಹಾಳು ಮಾಡಿದ್ದು ಒಂದು ಕುಂಬಾರ ಹುಳ ಮತ್ತು ನನ್ನ ಸೋಮಾರಿತನ. 2024ರ ಲೋಕಸಭಾ ಚುನಾವಣೆಗೆ ಊರಿನ ಎಲ್ಲರಂತೆ ನಾನೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೆ. ಫಲಿತಾಂಶ ಬಂದು, ಜೂನ್‌ನಲ್ಲಿ ಬಿಡಿಸಿಕೊಂಡು ಬರುವ ಹೊತ್ತಿಗೆ ತೀರ್ಥಹಳ್ಳಿ ಕಡೆ ಮಳೆ ಹಿಡಿದಿತ್ತು. ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ ಬೇರೆ. ನಳಿಗೆಯೊಳಗೆ ತೂರಿಸುವ ಗಜದ ಕೋಲಿಗೆ ಬಟ್ಟೆ ಸುತ್ತಿ ನಳಿಗೆ ಒರೆಸಲಿಲ್ಲ, ಮೂತಿಗೆ ಎಣ್ಣೆಬಟ್ಟೆ ತುರುಕಲಿಲ್ಲ. ಒಳಕೋಣೆಯಲ್ಲಿಟ್ಟು ಬೀಗ ಹಾಕಿದೆ, ಮರೆತೆ.

ಅಕ್ಟೋಬರ್‌ನಲ್ಲಿ ಗದ್ದೆ ತೆನೆ ಕಟ್ಟಿತ್ತು. ಒಂದು ರಾತ್ರಿ ಹಂದಿಗಳು ಇಳಿದ ಸದ್ದು ಕೇಳಿ, ಹೆದರಿಸಿ ಓಡಿಸಲೆಂದು ಕೋವಿ ತೆಗೆದುಕೊಂಡು ಅಂಚಿಗೆ ಹೋಗಿ ಆಕಾಶಕ್ಕೆ ಒಂದು ಈಡು ಹಾರಿಸಿದೆ. ಹಂದಿಗಳೇನೋ ಓಡಿದವು. ಆದರೆ ಸದ್ದು ಎಂದಿನಂತಿರಲಿಲ್ಲ, ಎಡಗೈಗೆ ಒಂದು ವಿಚಿತ್ರ ನಡುಕ ಬಂದಿತ್ತು. ಬೆಳಗ್ಗೆ ನೋಡಿದರೆ ಬಲನಳಿಗೆಯ ಮೂತಿಯಿಂದ ಒಂದು ಗೇಣು ಕೆಳಗೆ ಉಂಗುರದಂತೆ ಉಬ್ಬಿದೆ, ಕೇರೆಹಾವು ಇಲಿ ನುಂಗಿ ಮಲಗಿದ ಹಾಗೆ. ಎಡನಳಿಗೆಗೆ ಬೆಳಕು ಹಿಡಿದು ನೋಡಿದಾಗ ಕಾರಣ ತಿಳಿಯಿತು. ಅದರೊಳಗೂ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ನಳಿಗೆ ಒಡೆಯದೆ ಬರೀ ಉಬ್ಬಿದ್ದು ನನ್ನ ಎಡಗೈಯ ಪುಣ್ಯ.

ಉಪದೇಶಗಳು ಶುರುವಾದವು. ನೆರೆಮನೆಯವರದ್ದು ಸರಳ ಉಪಾಯ: ಉಬ್ಬಿದ ಕಡೆಗೆ ಗರಗಸ ಹಾಕಿ ಮೂತಿ ಕತ್ತರಿಸುವುದು. ಮೊದಲನೆಯದಾಗಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಅದಕ್ಕೆಂದೇ ಪರವಾನಗಿ ಇಲ್ಲದವರು ನಳಿಗೆಯ ಉದ್ದ ಕಡಿಮೆ ಮಾಡುವುದು ಅಪರಾಧ. ಎರಡನೆಯದಾಗಿ, ಚರೆ (ಒಂದೇ ಈಡಿಗೆ ಹಾರುವ ಸಣ್ಣ ಸಣ್ಣ ಗುಂಡುಗಳು) ಚದುರದಂತೆ ಒತ್ತಿ ಕಳಿಸುವ ಬಿಗಿ ಇರುವುದೇ ಮೂತಿಯ ಆ ಕೊನೆಯ ಕೆಲವು ಅಂಗುಲಗಳಲ್ಲಿ. ಅದನ್ನು ಕತ್ತರಿಸಿದ ಮೇಲೆ ಉಳಿಯುವುದು ಕೊಳವೆ.

ಬೆಂಗಳೂರಿನಲ್ಲಿರುವ ಭಾವಮೈದುನನ ಮಾತು ಮಾತ್ರ ನನ್ನ ತಲೆಯಲ್ಲಿ ಕೂತಿತು. ಅವನು ಬೋರ್ಡಿಗೆ ಗುರಿಯಿಟ್ಟು ರೈಫಲ್ ಹೊಡೆಯುವ ಅಭ್ಯಾಸದವನು. "ಭಾವ, ಇಡೀ ಕೋವಿ ಯಾಕೆ ಬದಲಿಸುತ್ತೀರಿ? ಹೆಚ್ಚುವರಿ ನಳಿಗೆ ಒಂದು ಮಾಡಿಸಿ. ಹಿಡಿ, ಬಾಡಿ ಎಲ್ಲ ಅಪ್ಪಯ್ಯನದ್ದೇ ಉಳಿಯುತ್ತದೆ" ಎಂದ. ಅಪ್ಪಯ್ಯನ ಕೆನ್ನೆ ತಾಗಿ ತಾಗಿ ನುಣುಪಾದ ಆ ಮರದ ಹಿಡಿಯ ಮೇಲೆ ನನಗೂ ಆಸೆ. ಹಾಗಾಗಿ ಎರಡು ತಿಂಗಳು ಅದೇ ದಾರಿಯಲ್ಲಿ ಓಡಾಡಿದೆ.

ಅವನು ಹೇಳಿದ್ದು ರೈಫಲಿನ ಮಟ್ಟಿಗೆ ತಪ್ಪಲ್ಲ. ರೈಫಲಿನಲ್ಲಿ ಸವೆಯುವುದು ನಳಿಗೆ. ಒಳಗಿನ ಸುರುಳಿ ಗೆರೆಗಳಿಗೆ ಗುಂಡು ಉಜ್ಜಿಕೊಂಡೇ ಹೋಗಬೇಕು, ಹಿಂದಿನಿಂದ ಬಿಸಿ ಅನಿಲ ನುಗ್ಗುತ್ತದೆ. ದೊಡ್ಡ ತೋಟೆಯ (ಮದ್ದು, ಗುಂಡು ತುಂಬಿದ ಕಟ್ಟಿನ) ರೈಫಲಾದರೆ ಕೆಲವು ಸಾವಿರ ಗುಂಡು ಹಾರುವಷ್ಟರಲ್ಲಿ ನಳಿಗೆಯ ಗಂಟಲು ಸವೆದು ಗುರಿ ಹದಗೆಡುತ್ತದೆ. ತೋಟೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟು, ಬಾಡಿ ಮಾತ್ರ ಗಟ್ಟಿಯಾಗಿಯೇ ಇರುತ್ತವೆ. ಜರ್ಮನಿಯ ಬ್ಲೇಸರ್ ಆರ್8 ರೈಫಲಿನಲ್ಲಿ ಎರಡು ಸ್ಕ್ರೂ ಸಡಿಲಿಸಿ ನಳಿಗೆ ಬದಲಿಸಿಕೊಳ್ಳಬಹುದು, ಅದನ್ನು ಮಾಡಿರುವುದೇ ಹಾಗೆ. ನಮ್ಮಲ್ಲಿ ಕಾಣಸಿಗುವ ಇಶಾಪುರ ಕಾರ್ಖಾನೆಯ .315 ರೈಫಲಿನಲ್ಲಿ ನಳಿಗೆಯನ್ನು ಬಾಡಿಗೆ ತಿರುಚಿ ಕೂರಿಸಿರುತ್ತಾರೆ. ಬದಲಿಸಿದರೆ ಬೋಲ್ಟಿಗೂ ತೋಟೆಯ ಬುಡಕ್ಕೂ ನಡುವಿನ ತೆರಪನ್ನು ಅಳತೆ ನೋಡಿ ಕೂಡಿಸಬೇಕು. ಕಷ್ಟವಾದರೂ ಅರ್ಥವಿರುವ ಕೆಲಸ.

ನನ್ನ ಕೈಯಲ್ಲಿದ್ದದ್ದು ಹನ್ನೆರಡು ಬೋರಿನ ತೋಟೆ ಕೋವಿ, ಸುರುಳಿ ಗೆರೆಯಿಲ್ಲದ ನಯವಾದ ನಳಿಗೆಯಿಂದ ಚರೆ ಹಾರಿಸುವಂಥದ್ದು. ಅದರ ಲೆಕ್ಕ ಪೂರ್ತಿ ತಿರುವುಮುರುವು ಎಂದು ತಿಳಿಸಿಕೊಟ್ಟವರು ಶಿವಮೊಗ್ಗದಲ್ಲಿ ಪರವಾನಗಿ ಪಡೆದು ಕೋವಿ ರಿಪೇರಿ ಮಾಡುವ ಒಬ್ಬ ಹಿರಿಯ ಸಾಹೇಬರು. ಅವರು ಮೊದಲು ಉಬ್ಬನ್ನು ನೋಡಲೇ ಇಲ್ಲ. ಮುಂದಿನ ಮರದ ತುಂಡನ್ನು ಕಳಚಿ, ನಳಿಗೆಯನ್ನು ಬಾಡಿಗೆ ಸೇರಿಸಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಕಟಕಟ ಎಂದಿತು. "ಕೇಳಿಸಿತೇ ಗೌಡರೇ? ನಳಿಗೆ ಮಡಚುವ ಕೀಲು ಸವೆದಿದೆ" ಎಂದರು. ಆಮೇಲೆ ಕೋವಿ ತೆರೆಯುವ ಮೇಲಿನ ಲಿವರ್ ತೋರಿಸಿದರು. ಹೊಸ ಕೋವಿ ಮುಚ್ಚಿದಾಗ ಲಿವರ್ ನಡುಗೆರೆಯಿಂದ ತುಸು ಬಲಕ್ಕೆ ನಿಲ್ಲುತ್ತದೆ, ಸವೆದ ಹಾಗೆ ಎಡಕ್ಕೆ ಸರಿಯುತ್ತದೆ. ನಮ್ಮದು ನಡುಗೆರೆ ದಾಟಿ ಎಡಕ್ಕೆ ಹೋಗಿತ್ತು. ಕೊನೆಗೆ ನಳಿಗೆಗಳನ್ನು ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟಿದರು. ಎರಡು ನಳಿಗೆಗಳ ಬೆಸುಗೆ ಗಟ್ಟಿಯಿದ್ದರೆ ದೇವರಕೋಣೆಯ ಗಂಟೆಯಂತೆ ನಾದ ಬರಬೇಕಂತೆ. ನಮ್ಮದು ಒಡಕು ಮಡಕೆಯಂತೆ ಲೊಟ್ಟೆಂದಿತು. ಉಬ್ಬುವಾಗ ನಡುಪಟ್ಟಿ ಬಿಟ್ಟುಕೊಂಡಿತ್ತು. ಎಡನಳಿಗೆಯನ್ನಷ್ಟೇ ಬಳಸುತ್ತೇನೆ ಎಂಬ ನನ್ನ ಉಳಿದ ಆಸೆಯೂ ಅಲ್ಲಿಗೆ ಮುಗಿಯಿತು.

ನಯವಾದ ನಳಿಗೆ ಚರೆ ಹಾರಿಸಿ ಸವೆಯುವುದು ತೀರ ಕಡಿಮೆ. ಅದನ್ನು ಕೆಡಿಸುವುದು ತುಕ್ಕು, ತಗ್ಗು, ಮಣ್ಣು, ಅಂದರೆ ನಮ್ಮಂಥವರು. ಬಳಕೆಯಿಂದ ಸಡಿಲಾಗುವುದು ಕೀಲು. ಜೋಡುನಳಿಗೆಯಲ್ಲಿ ಒಂದನ್ನಷ್ಟೇ ಬದಲಿಸುವ ಮಾತಿಲ್ಲ, ಜೋಡಿಯೇ ಬೇಕು. ಆ ಜೋಡಿಯನ್ನೂ ಇದೇ ಬಾಡಿಯ ಮೈಗೆ ಮಸಿ ಹಚ್ಚಿ ಹಚ್ಚಿ ಕೂರಿಸಿ, ತಾಗಿದಲ್ಲಿ ಅರ ಹಾಕಿ ಹೊಂದಿಸಬೇಕು. ಸವೆದ ಕೀಲಿಗೆ ಅಷ್ಟು ಮಾಡುವುದೆಂದರೆ ಗೆದ್ದಲು ಹಿಡಿದ ನೇಗಿಲಿಗೆ ಹೊಸ ಗುಳ ಬಡಿದಂತೆ. ಸಾಹೇಬರು ಅಂದಾಜಿಸಿದ ಖರ್ಚು ಹೊಸ ಕೋವಿಯ ಬೆಲೆಯ ಮುಕ್ಕಾಲು ಪಾಲು ಮುಟ್ಟುತ್ತಿತ್ತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ ಸಂಗತಿ. ನಳಿಗೆಯ ಅಡಿಯ ಚಪ್ಪಟೆ ಜಾಗದ ಮುದ್ರೆಯನ್ನು ಓದಿ, ನಮ್ಮ ಕೋವಿಯ ತೋಟೆಮನೆ ಎರಡೂವರೆ ಇಂಚಿನದು, ತೋಟೆ ವ್ಯಾಪಾರದ ಲೆಕ್ಕದಲ್ಲಿ 65 ಮಿಲಿಮೀಟರಿನದು ಎಂದರು ಸಾಹೇಬರು. ನಾನು ವರ್ಷಗಟ್ಟಲೆ ಹಾಕುತ್ತಿದ್ದದ್ದು 70 ಮಿಲಿಮೀಟರಿನ ತೋಟೆ. ಹಾಕಿದರೆ ಸಲೀಸಾಗಿ ಕೂರುತ್ತಿತ್ತಲ್ಲ ಎಂದೆ. ಮೋಸ ಇರುವುದೇ ಅಲ್ಲಿ. ಡಬ್ಬಿಯ ಮೇಲಿನ ಅಳತೆ ತೋಟೆಯ ಬಾಯಿ ಬಿಚ್ಚಿಕೊಂಡ ಮೇಲಿನದು. ಮಡಚಿದ ಬಾಯಿಯ ತೋಟೆ ಗಿಡ್ಡವಾಗಿರುವುದರಿಂದ ಹಿಡಿಸಿಬಿಡುತ್ತದೆ. ಹಾರಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಅಪ್ಪಯ್ಯ ಹಳೆಯ ಕಾಲದ ಗಿಡ್ಡ ತೋಟೆಯನ್ನೇ ಹುಡುಕಿ ತರುತ್ತಿದ್ದುದು ಹಟವೆಂದುಕೊಂಡಿದ್ದೆ. ಹಳೆಯ ಕೋವಿ ಇರುವವರು ಇವತ್ತೇ ಆ ಮುದ್ರೆಯನ್ನು ಒಮ್ಮೆ ನೋಡಿಕೊಳ್ಳಿ.

ಕಾಗದಪತ್ರದ ಬದಿಯೂ ನಳಿಗೆಗೆ ವಿರುದ್ಧವೇ ಇತ್ತು. ಕಾಯ್ದೆಯ ವ್ಯಾಖ್ಯೆಯಲ್ಲಿ ಶಸ್ತ್ರವೆಂದರೆ ಅದರ ಬಿಡಿಭಾಗಗಳೂ ಸೇರಿದವು. ಪವರ್ ಟಿಲ್ಲರಿನ ಬೆಲ್ಟ್ ತಂದಂತೆ ನಳಿಗೆ ತರಲು ಬರುವುದಿಲ್ಲ. ಅದಕ್ಕೂ ಪರವಾನಗಿ ಕೊಡುವ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಹೇಗಿದ್ದರೂ ಹತ್ತುವುದಾದರೆ ಪೂರ್ತಿ ಕೋವಿಗೇ ಹತ್ತಬಹುದಲ್ಲ? 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಪಿತ್ರಾರ್ಜಿತವಾದರೂ ಲೆಕ್ಕ ಅದೇ. ನನ್ನ ಬಳಿ ಇದ್ದದ್ದು ಒಂದು. ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಕೇಳಬಹುದಿತ್ತು. ಆದರೆ ಹಾರಿಸಲಾಗದ ಕೋವಿಗೂ ಪ್ರತಿ ಚುನಾವಣೆಗೆ ಠಾಣೆ, ಪ್ರತಿ ಮಳೆಗಾಲಕ್ಕೆ ಎಣ್ಣೆ ತಪ್ಪುವುದಿಲ್ಲ. ಒಂದಕ್ಕೇ ಎಣ್ಣೆ ಹಾಕದವನು ಎರಡಕ್ಕೆ ಹಾಕುತ್ತೇನೆಯೇ?

ಹಾಗಾದರೆ ರೈಫಲನ್ನೇ ತೆಗೆದುಕೊಳ್ಳಿ ಎಂದ ಭಾವಮೈದುನ. ಅದು ಬೇಡವೆನ್ನಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ನಮ್ಮ ಗದ್ದೆಯ ಆಚೆ ತೋಟ, ತೋಟದ ಆಚೆ ಕೂಲಿಯವರ ಮನೆಗಳು, ಅದರಾಚೆ ಶಾಲೆಗೆ ಹೋಗುವ ಕಾಲುದಾರಿ. ಸಣ್ಣ .22 ಗುಂಡೂ ಒಂದು ಕಿಲೋಮೀಟರಿಗಿಂತ ಆಚೆ ಹೋಗಬಲ್ಲದು. ಆರನೇ ನಂಬರಿನ ಚರೆ ಇನ್ನೂರೈವತ್ತು ಮೀಟರಿನೊಳಗೆ ಉದುರಿಬಿಡುತ್ತದೆ. ಮಂಗ, ಹಂದಿಗಳನ್ನು ಸದ್ದು ಮಾಡಿ ಓಡಿಸುವವನಿಗೆ ಇಷ್ಟು ಸಾಕು. ಬೇಟೆಯ ಮಾತು ವನ್ಯಜೀವಿ ಕಾಯ್ದೆ ಬಂದು ಎಂದೋ ಮುಗಿದಿದೆ. ಮೇಲಾಗಿ ನಮ್ಮ ಊರು ಶೆಟ್ಟಿಹಳ್ಳಿ ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗಿದೆ. ಅಷ್ಟು ದೂರದೊಳಗೆ ಕೋವಿ ಪರವಾನಗಿ ಇರುವವರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಇದು ಗೊತ್ತಿಲ್ಲದವರು ನಮ್ಮ ಊರಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.

ಅರ್ಜಿ, ಪೊಲೀಸ್ ವರದಿ, ಕಾಯುವಿಕೆ ಎಲ್ಲ ಮುಗಿಯಲು ಒಂದು ಅಡಿಕೆ ಕೊಯ್ಲೇ ಕಳೆಯಿತು. ಹಳೆಯದನ್ನು ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಿ, ಪರವಾನಗಿ ಪುಸ್ತಕದಲ್ಲಿ ಅದರ ನಂಬರು ಹೊಡೆದು ಹಾಕಿಸಿ, 70 ಮಿಲಿಮೀಟರ್ ತೋಟೆಮನೆಯ ಹೊಸ ಜೋಡುನಳಿಗೆಯನ್ನು ತಂದೆ. ಲಿವರ್ ಬಲಕ್ಕೇ ನಿಂತಿದೆ. ಬೆರಳಿಗೆ ತೂಗಿಸಿ ತಟ್ಟಿಯೇ ಕೊಂಡೆ. ಹಿಡಿ ಇನ್ನೂ ಕೆನ್ನೆಗೆ ಒರಟು. ಒಪ್ಪಿಸುವಾಗ ಅಪ್ಪಯ್ಯನ ಚರ್ಮದ ಪಟ್ಟಿಯೊಂದನ್ನು ಬಿಚ್ಚಿಕೊಂಡಿದ್ದೆ. ಹೊಸದರ ಕೊಂಡಿಗೆ ಅದು ಅಗಲವಾಯಿತು. ಅಂಚು ಸವರಿ ತೂರಿಸಿದ್ದೇನೆ.

ಈಗ ಮಳೆಗಾಲಕ್ಕೆ ಮೊದಲು ಒರೆಸುವುದು, ಮೂತಿಗೆ ಎಣ್ಣೆಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಮತ್ತು ರಬ್ಬರ್ ಬ್ಯಾಂಡು. ತೆಗೆದಾಗಲೆಲ್ಲ ತೋಟೆ ಹಾಕುವ ಮೊದಲು ಕೋವಿ ಮಡಚಿ, ಬುಡದಿಂದ ಬೆಳಕಿನ ಕಡೆಗೆ ನೋಡುತ್ತೇನೆ. ಕುಂಬಾರ ಹುಳ ಈ ವರ್ಷ ಪಂಪ್‌ಸೆಟ್ಟಿನ ಸ್ವಿಚ್ ಬೋರ್ಡಿನ ತೂತಿಗೆ ಮಣ್ಣು ತುಂಬಿದೆ.