ಶ್ಯಾಪ್ ಏರಿನಲ್ಲಿ ಎರಡು ಬ್ಲಾಕ್ ಫೈವ್: ಯಾರೂ ಸಾರದ ಉಗಿಬಂಡಿ ನನಗೆ ಸಿಕ್ಕಿದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ಸಿಕ್ಕಿತು. ಏಪ್ರಿಲ್‌ನ ಒಂದು ಮಂಗಳವಾರ, ಇಂಗ್ಲೆಂಡಿನ ಉತ್ತರದಲ್ಲಿ ಟೀಬೆಯಿಂದ ಶ್ಯಾಪ್‌ಗೆ ಹತ್ತುವ ಏರಿನಲ್ಲಿ, ಒಂದರ ಹಿಂದೊಂದು ಬ್ಲಾಕ್ ಫೈವ್ ಎಂಬ ಹಳೆಯ ಮಾದರಿಯ ಎರಡು ಉಗಿ ಎಂಜಿನ್, ಅವುಗಳ ಬೆನ್ನಿಗೆ ಒಂದೇ ಒಂದು ಬೋಗಿ. ಸೇತುವೆಯ ಮೇಲೆ ನಾನೊಬ್ಬ, ಪಕ್ಕದ ಹೊಲದಲ್ಲಿ ಒಂದಷ್ಟು ಕುರಿ. "ಮಾರಾಯ, ನೀನು ಮಾಡ್ತಿರೋದು ಕವಡೆ ಹಾಕಿ ಮಳೆ ಹೇಳಿದ ಹಾಗೆ" ಎಂದು ಎರಡು ವರ್ಷ ನಕ್ಕಿದ್ದ ಮ್ಯಾಂಚೆಸ್ಟರ್‌ನ ಗೆಳೆಯನಿಗೆ ಅಲ್ಲಿಂದಲೇ ವಿಡಿಯೊ ಕಳಿಸಿದೆ. ಎರಡು ನೀಲಿ ಟಿಕ್ ತಕ್ಷಣ ಬಿತ್ತು. ಉತ್ತರ ಬಂದದ್ದು ರಾತ್ರಿ ಹತ್ತಕ್ಕೆ.

ಟಿಕೆಟ್ ಮಾರಿ ಓಡಿಸುವ ವಿಶೇಷ ಗಾಡಿಗಳನ್ನು ನೋಡುವುದರಲ್ಲಿ ಏನು ಹೆಚ್ಚುಗಾರಿಕೆ? ಶನಿವಾರ ರಿಬಲ್‌ಹೆಡ್‌ನ 24 ಕಮಾನುಗಳ ರೈಲು ಸೇತುವೆಯ ಮುಂದೆ ಜಾತ್ರೆಯೇ ನೆರೆದಿರುತ್ತದೆ, ಕಾರು ನಿಲ್ಲಿಸಲೂ ಜಾಗವಿರುವುದಿಲ್ಲ. ನನಗೆ ಬೇಕಿದ್ದದ್ದು ಎಂಜಿನ್ನು ಮನೆಯಿಂದ ಕೆಲಸಕ್ಕೆ ಹೊರಡುವ ಗಾಡಿ. ಬೇಸಿಗೆಯ ಹೊತ್ತಿಗೆ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಿಂದ ಮ್ಯಾಲೆಗ್‌ಗೆ ಜಾಕೊಬೈಟ್ ಎಂಬ ಪ್ರವಾಸಿ ಉಗಿಬಂಡಿ ಓಡುತ್ತದಲ್ಲ, ಅದನ್ನು ಎಳೆಯುವ ಎಂಜಿನ್ನುಗಳು ಚಳಿಗಾಲವನ್ನು ಲ್ಯಾಂಕಾಷೈರ್ ಕಡೆ ಕಳೆದು ವಸಂತದಲ್ಲಿ ಉತ್ತರಕ್ಕೆ ಹೋಗಲೇಬೇಕು. ಹೋಗುವ ದಾರಿ ವೆಸ್ಟ್ ಕೋಸ್ಟ್ ಮುಖ್ಯ ಮಾರ್ಗ. 125 ಮೈಲಿ ವೇಗದ ಪೆಂಡೊಲಿನೊ ವಿದ್ಯುತ್ ರೈಲುಗಳ ನಡುವೆ, ವಾರದ ನಟ್ಟನಡುವೆ, ಯಾರಿಗೂ ಹೇಳದೆ ಕೇಳದೆ ಹೊರಟುಬಿಡುತ್ತವೆ.

ಮೊದಲ ವರ್ಷ ಪೂರ್ತಿ ಮಣ್ಣು ಮುಕ್ಕಿದೆ. ಎಲ್ಲರಂತೆ ರಿಯಲ್‌ಟೈಮ್ ಟ್ರೇನ್ಸ್ ಜಾಲತಾಣದಲ್ಲಿ 5ಝೆಡ್, 0ಝೆಡ್ (ಖಾಲಿ ಬೋಗಿಗಳ, ಬರೀ ಎಂಜಿನ್ನಿನ ವಿಶೇಷ ಓಟಗಳ ಸಂಕೇತ) ಎಂದು ಕಂಡದ್ದಕ್ಕೆಲ್ಲ ಓಡಿದೆ. ಆಕ್ಸನ್‌ಹೋಮ್‌ನಲ್ಲಿ ಎರಡೂವರೆ ಗಂಟೆ ಮಳೆಯಲ್ಲಿ ನೆನೆದು ಕಂಡದ್ದು ಖಾಲಿ ಬೋಗಿಗಳನ್ನು ಎಳೆಯುತ್ತಿದ್ದ 47ನೇ ವರ್ಗದ ಡೀಸೆಲ್ಲು. ಇನ್ನೊಮ್ಮೆ ಕಂಡದ್ದು ಹಳಿ ಪರೀಕ್ಷೆ ಮಾಡುವ ಹಳದಿ ಗಾಡಿ. ಮೂರನೇ ಸಲ ಸಾಕ್ಷಾತ್ ಉಗಿ ಎಂಜಿನ್ನೇ ಬಂತು, ಆದರೆ ಬರಬೇಕಾದದ್ದಕ್ಕಿಂತ ಸುಮಾರು 50 ನಿಮಿಷ ಮೊದಲೇ ದಾಟಿಹೋಗಿತ್ತು. ನಾನು ಆಗ ಟೀಬೆ ಹೆದ್ದಾರಿ ನಿಲ್ದಾಣದಲ್ಲಿ ಪೈ ತಿನ್ನುತ್ತಿದ್ದೆ. ಪ್ರಯಾಣಿಕರಿಲ್ಲದ ಗಾಡಿಗೆ ಹೊತ್ತಿನ ಹಂಗಿಲ್ಲ, ದಾರಿ ಖಾಲಿ ಇದ್ದರೆ ಸಿಗ್ನಲ್‌ನವರು ಮುಂಚೆಯೇ ಬಿಟ್ಟುಬಿಡುತ್ತಾರೆ. ಈ ಪಾಠಕ್ಕೆ ನಾನು ಕೊಟ್ಟ ಶುಲ್ಕ ಒಂದು ದಿನದ ರಜೆ, 40 ಪೌಂಡ್ ಪೆಟ್ರೋಲು, ಜೊತೆಗೆ ಆ ಪೈ.

ನಾಲ್ಕನೆಯದು ಇನ್ನೂ ಉರಿಯುತ್ತದೆ. ಗಾಡಿ ಸರಿ, ಹೊತ್ತು ಸರಿ, ಬಿಸಿಲೂ ಸರಿ. ಎಂಜಿನ್ನು ತಿರುವಿನಲ್ಲಿ ಕಾಣಿಸಿಕೊಂಡ ಕ್ಷಣಕ್ಕೇ ನನ್ನ ಕಡೆಯ ಹಳಿಯಲ್ಲಿ 11 ಬೋಗಿಯ ಪೆಂಡೊಲಿನೊ ಎದುರಿನಿಂದ ನುಗ್ಗಿ ಪೂರ್ತಿ ಮುಚ್ಚಿಬಿಟ್ಟಿತು. ಇಲ್ಲಿನ ಫೋಟೊ ಮಂದಿ ಇದಕ್ಕೆ ಬೌಲ್ಡ್ ಆಗುವುದು ಅನ್ನುತ್ತಾರೆ. ಮಧ್ಯದ ಸ್ಟಂಪೇ ಹಾರಿತ್ತು.

ತಲೆಗೆ ಬೆಳಕು ಹೊಳೆದದ್ದು ನೀರಿನಿಂದ. ಕಾಗದದ ಮೇಲೆ ಎಲ್ಲ ಗಾಡಿಯೂ ಒಂದೇ ಥರ ಕಾಣುತ್ತದೆ, ಆದರೆ ಡೀಸೆಲ್ಲಿಗೆ ಬಾಯಾರಿಕೆ ಇಲ್ಲ. ಬ್ಲಾಕ್ ಫೈವ್‌ನ ಟೆಂಡರ್, ಅಂದರೆ ಹಿಂದಿನ ನೀರು-ಕಲ್ಲಿದ್ದಲಿನ ಬಂಡಿ, ಹಿಡಿಯುವುದು 4,000 ಗ್ಯಾಲನ್ ನೀರು. ಹಿಂದಿನ ಕಾಲದಲ್ಲಿ ಟೀಬೆ ಹತ್ತಿರದ ಡಿಲ್ಲಿಕಾರ್‌ನಲ್ಲಿ ಹಳಿಗಳ ನಡುವೆಯೇ ನೀರಿನ ತೊಟ್ಟಿ ಇತ್ತು, ಓಡುತ್ತಲೇ ಕುಡಿದುಕೊಂಡು ಹೋಗುತ್ತಿದ್ದವು. ಈಗ ಅದೆಲ್ಲ ಇಲ್ಲ. ಲಾರಿ ಟ್ಯಾಂಕರ್ ಹತ್ತಿರ ಬರಬಲ್ಲ ಲೂಪಿನಲ್ಲಿ (ಮುಖ್ಯ ಹಳಿಯ ಬದಿಯ ಹಳಿ) ಅರ್ಧ ಮುಕ್ಕಾಲು ಗಂಟೆ ನಿಲ್ಲಲೇಬೇಕು. ಆದ್ದರಿಂದ ನಾನು ಗಾಡಿಯ ಸಂಖ್ಯೆ ನೋಡುವುದನ್ನೇ ಬಿಟ್ಟು ನಿಲುಗಡೆಗಳನ್ನು ನೋಡತೊಡಗಿದೆ. ಕಾರ್ನ್‌ಫೋರ್ತ್ ಲೂಪಿನಲ್ಲಿ ಎಷ್ಟು ಹೊತ್ತು, ಕಾರ್ಲೈಲ್‌ನಲ್ಲಿ ಎಷ್ಟು ಹೊತ್ತು.

"ಡೀಸೆಲ್ಲೂ ಲೂಪಿನಲ್ಲಿ ನಿಲ್ಲುತ್ತಲ್ಲಪ್ಪ, ವೇಗದ ಗಾಡಿಗೆ ದಾರಿ ಬಿಡೋಕೆ" ಎಂದು ಅದೇ ಗೆಳೆಯ ತಕರಾರು ತೆಗೆದ. ನ್ಯಾಯವಾದ ಮಾತು. ಅದಕ್ಕೆ ನನ್ನ ಲೆಕ್ಕ ಇದು: ಆ ನಿಲುಗಡೆಯಲ್ಲಿ ಹಿಂದಿನಿಂದ ಬಂದು ದಾಟುವ ಗಾಡಿಗಳನ್ನು ಎಣಿಸಿ. ಕೊನೆಯದು ದಾಟಿ 20 ನಿಮಿಷವಾದರೂ ನಮ್ಮ ಗಾಡಿ ಹೊರಡದಿದ್ದರೆ ಅದು ದಾರಿ ಬಿಡುತ್ತಿಲ್ಲ, ನೀರು ಕುಡಿಯುತ್ತಿದೆ. ಹಳೆಯ ಓಟಗಳನ್ನೆಲ್ಲ ತೆಗೆದು ನೋಟ್‌ಬುಕ್ಕಿನಲ್ಲಿ ಗೀಚಿ ನೋಡಿದೆ, ಮೂವತ್ತು ಚಿಲ್ಲರೆ ಓಟಗಳಲ್ಲಿ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಸರಿ ಬಂತು. ತಪ್ಪಿದವು ಹೆಚ್ಚಾಗಿ ಚಾಲಕರು ಬದಲಾಗುವ ನಿಲುಗಡೆಗಳು. ಅವನ್ನು ಬೇರ್ಪಡಿಸುವ ಉಪಾಯವೂ ಸಿಕ್ಕಿದೆ. ಅದು ಕಲ್ಲಿದ್ದಲಿಗೆ ಸಂಬಂಧಿಸಿದ್ದು, ಇದಕ್ಕಿಂತ ಹೆಚ್ಚು ಹೇಳಲಾರೆ. ಎರಡು ವರ್ಷ ನೆನೆದವನು ನಾನು.

ಬೇಕಾದರೆ ಮಾತ್ರ ಓಡುವ ಗಾಡಿಗಳ ವಿಷಯದಲ್ಲಿ ಹಿಂದಿನ ರಾತ್ರಿಯೇ ಹೊರಡಬೇಡಿ. ಹೊರಡುವ ಒಂದೆರಡು ಗಂಟೆ ಮುಂಚೆ, ನಿಜಕ್ಕೂ ಓಡುವುದಾದರೆ, ಜಾಲತಾಣದಲ್ಲಿ ಸಕ್ರಿಯವಾಗುತ್ತದಲ್ಲ, ಅಲ್ಲಿಯವರೆಗೂ ಅದು ಬರೀ ಕನಸು. ಒಣ ಬೇಸಿಗೆಯಲ್ಲಂತೂ ಆಸೆಯೇ ಬೇಡ. ಕಿಡಿ ಹಾರಿ ಹುಲ್ಲಿಗೆ ಬೆಂಕಿ ಬೀಳುತ್ತದೆಂದು ಉಗಿ ಎಂಜಿನ್ ತೆಗೆದು ಡೀಸೆಲ್ ಹಾಕಿಬಿಡುತ್ತಾರೆ. ಏಪ್ರಿಲ್‌ನ ಒದ್ದೆ ನೆಲ ನಮ್ಮ ಪಾಲಿಗೆ ದೇವರು.

ಇದರ ಮಧ್ಯೆ ಒಂದು ಅಡ್ಡದಾರಿ ಹಿಡಿದೆ. ಸಣ್ಣವನಿದ್ದಾಗ ನಾಲ್ಕೈದು ವರ್ಷ ಮೃದಂಗ ಕಲಿತಿದ್ದೆ, ಕಿವಿ ಅಷ್ಟಿಷ್ಟು ಉಳಿದಿದೆ. ಎರಡು ಸಿಲಿಂಡರಿನ ಎಂಜಿನ್ ಚಕ್ರ ಒಂದು ಸುತ್ತು ತಿರುಗಿದರೆ ಚಿಮಣಿಯಲ್ಲಿ ಉಗಿಯ ನಾಲ್ಕು ಬಡಿತ, ಮೂರು ಸಿಲಿಂಡರಿನ ಜ್ಯೂಬಿಲಿ ಮಾದರಿಯ ಎಂಜಿನ್ನಾದರೆ ಆರು. ಅಂದರೆ ಒಂದು ಚತುರಶ್ರ, ಇನ್ನೊಂದು ತಿಶ್ರ. ಕತ್ತಲಲ್ಲೂ ಗುರುತು ಹಿಡಿಯಬಹುದು. ಅರಸೀಕೆರೆಯಲ್ಲಿ ಅಜ್ಜನ ಕೈ ಹಿಡಿದು ಕೇಳಿದ ಮೀಟರ್‌ಗೇಜ್ ವೈಪಿ ಎಂಜಿನ್ನಿನದೂ ಚತುರಶ್ರವೇ, ಆಗ ಅದು ಗೊತ್ತಿರಲಿಲ್ಲ ಅಷ್ಟೇ. ಬ್ಲಾಕ್ ಫೈವ್‌ನ ದೊಡ್ಡ ಚಕ್ರ ಆರಡಿ ವ್ಯಾಸದ್ದು. ಲೆಕ್ಕ ಹಾಕಿದರೆ ಮೈಲಿಗೆ ಹೆಚ್ಚುಕಡಿಮೆ 1,120 ಬಡಿತ. ಹಾಗಾಗಿ 3.2 ಸೆಕೆಂಡಿನಲ್ಲಿ ಎಷ್ಟು ಬಡಿತ ಬಿತ್ತೋ, ಗಂಟೆಗೆ ಅಷ್ಟು ಮೈಲಿ ವೇಗ. 20 ದಾಟಿದರೆ ಬಾಯಲ್ಲಿ ಎಣಿಸಲಾಗದು, ಧ್ವನಿಮುದ್ರಣವನ್ನು ನಿಧಾನ ಮಾಡಿ ಕೇಳಬೇಕು. ಒಂಟಿ ಎಂಜಿನ್ನಿಗೆ ಫೋನಿನ ಜಿಪಿಎಸ್ಸಿಗಿಂತ ಚೆನ್ನಾಗಿ ಕೆಲಸ ಮಾಡಿತು. ನನ್ನವಳು "ಏನ್ರೀ, ಇದಕ್ಕೂ ತಾಳ ಹಾಕ್ತೀರಾ?" ಎಂದಳು. ಹಾಕುತ್ತೇನೆ.

ಆ ಮಂಗಳವಾರಕ್ಕೆ ಬರೋಣ. ಕಾರ್ನ್‌ಫೋರ್ತ್‌ನಲ್ಲಿ 40 ನಿಮಿಷ, ಅದರಲ್ಲಿ ದಾಟುವ ಗಾಡಿ ಎರಡೇ. ಕಾರ್ಲೈಲ್‌ನಲ್ಲಿ ಒಂದು ಗಂಟೆಗೂ ಮೇಲೆ. ಬೆಳಿಗ್ಗೆ ಏಳಕ್ಕೆ ಸಕ್ರಿಯವಾದದ್ದು ಕಂಡಕೂಡಲೇ ಕಚೇರಿಗೆ ಹೊಟ್ಟೆನೋವು ಎಂದು ಸಂದೇಶ ಹಾಕಿ ಹೊರಟೆ. ಮುಂಚೆಯೇ ಬಂದುಬಿಟ್ಟೀತು ಎಂದು ಒಂದೂಕಾಲು ಗಂಟೆ ಮೊದಲು ಸೇತುವೆ ಸೇರಿದ್ದೆ. ಈ ಸಲ 8 ನಿಮಿಷ ತಡ. ಯಾವ ಸೇತುವೆ ಎಂದು ಕೇಳಬೇಡಿ. ಸ್ಕೌಟ್ ಗ್ರೀನ್‌ಗೆ ಎಲ್ಲರೂ ಹೋಗುತ್ತಾರೆ, ನಾನು ಹೋಗಲಿಲ್ಲ. ಎದುರು ಹಳಿಯ ಗಾಡಿ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಆರಿಸಿದ ಜಾಗ ಅದು, ಮತ್ತೆ ಬೌಲ್ಡ್ ಆಗುವ ಮನಸ್ಸಿರಲಿಲ್ಲ.

ಮೊದಲು ಕೇಳಿದ್ದು ಎಂ6 ಹೆದ್ದಾರಿಯ ಲಾರಿಗಳ ಗದ್ದಲ. ಅದರಡಿಯಿಂದ ನಿಧಾನವಾಗಿ ಬಡಿತ ಎದ್ದಿತು. 75 ಅಡಿಗೆ 1 ಅಡಿಯ ಏರು, ನಾಲ್ಕು ಮೈಲಿ. ಹಿಂದೆ ಒಂದೇ ಬೋಗಿ ಇದ್ದದ್ದರಿಂದ ಏದುಸಿರೇನಿಲ್ಲ, ಹಾಡಿಕೊಂಡು ಬಂದವು. ಮುಂದಿನದರ ಸಂಖ್ಯೆ ಓದಿದೆ, 44871. ಮೈ ಜುಮ್ಮೆಂದಿತು. 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆಯ ಕೊನೆಯ ಉಗಿಬಂಡಿ ಅಂತ ಓಡಿತಲ್ಲ, 15 ಗಿನಿ ಟಿಕೆಟ್ಟಿನದು, ಅದನ್ನು ಕಾರ್ಲೈಲ್‌ನಿಂದ ಮ್ಯಾಂಚೆಸ್ಟರ್‌ಗೆ ವಾಪಸು ತಂದ ಜೋಡಿಯಲ್ಲಿ ಇದೂ ಒಂದು. ಕೊನೆಯ ಓಟ ಓಡಿದ ಎಂಜಿನ್ನು ಮಂಗಳವಾರ ಮಧ್ಯಾಹ್ನ ಸುಮ್ಮನೆ ಕೆಲಸಕ್ಕೆ ಹೊರಟಿದೆ!

ನನ್ನ 3.2 ಸೆಕೆಂಡಿನ ಲೆಕ್ಕ ಮಾತ್ರ ಅಂದು ಪೂರ್ತಿ ಕೈಕೊಟ್ಟಿತು. ಎರಡು ಎಂಜಿನ್ನುಗಳ ಬಡಿತ ಒಮ್ಮೆ ಒಂದರ ಮೇಲೊಂದು ಬೀಳುತ್ತದೆ, ಮರುಕ್ಷಣ ಒಂದರ ಸಂದಿಯಲ್ಲಿ ಇನ್ನೊಂದು ನುಸುಳುತ್ತದೆ. ಇಬ್ಬರು ಮೃದಂಗದವರು ಜಗಳವಾಡಿದ ಹಾಗೆ. ಹಳಿ ಬದಿಯ ಕಂಬಗಳ ಲೆಕ್ಕದಲ್ಲಿ ಗಂಟೆಗೆ 40 ಮೈಲಿಯ ಆಸುಪಾಸು ಇದ್ದಿರಬೇಕು.

ಖರ್ಚು ಕೇಳುವವರಿಗೆ: ಎರಡು ವರ್ಷದಲ್ಲಿ ಹೋದದ್ದು ಹದಿನೆಂಟು ಸಲ, ಉಗಿ ಕಂಡದ್ದು ಆರು ಸಲ. ಅದರಲ್ಲಿ ಐದು, ನೀರಿನ ಲೆಕ್ಕ ಹಿಡಿದ ಮೇಲೆ. ಪೆಟ್ರೋಲು, ಪಾರ್ಕಿಂಗು, ಎರಡು ರಾತ್ರಿ ಕೆಂಡಲ್‌ನಲ್ಲಿ ತಂಗಿದ್ದು ಸೇರಿ 900 ಪೌಂಡ್ ಆಗಿರಬಹುದು. ಹಳೆಯ ಲೆನ್ಸ್ 280, ಧ್ವನಿಮುದ್ರಕ 110. ಲೆನ್ಸಿನ ಬೆಲೆ ಮನೆಯಲ್ಲಿ 120 ಎಂದು ಹೇಳಿದ್ದೇನೆ, ದಯವಿಟ್ಟು ನೆನಪಿರಲಿ.

ಆ ರಾತ್ರಿ ಹತ್ತಕ್ಕೆ ಬಂದ ಗೆಳೆಯನ ಉತ್ತರ ಒಂದೇ ಸಾಲಿನದು: "ವಾಪಸು ಬರೋದು ಯಾವಾಗ?" ಅಕ್ಟೋಬರ್ ಕೊನೆಗೆ, ಜಾಕೊಬೈಟ್ ಮುಗಿದ ಮೇಲೆ ಎಂದೆ. ದಿನ ಯಾವುದು ಎಂದು ಕೇಳಿದ. ನಿಲುಗಡೆ ನೋಡಿಕೋ ಎಂದು ಬರೆದು ಫೋನ್ ಇಟ್ಟೆ.