ಹೇಮಕೂಟದ ಸಂಜೆ: ನೋಡಿ ಬಂದ ಜಾಗವನ್ನು ನೆನಪಿನಿಂದ ಜಲವರ್ಣದಲ್ಲಿ ಬಿಡಿಸುವ ಬಗೆ

ಹಂಪಿಯ ಹೇಮಕೂಟ ಗುಡ್ಡದ ಮೇಲೆ ಒಂದು ಸಂಜೆ ಕಳೆದು ಬಂದು ತಿಂಗಳಾದ ಮೇಲೆ ಫೋನಿನ ಫೋಟೋ ಮುಂದಿಟ್ಟುಕೊಂಡು ಕೂತರೆ ಕಾಗದದ ಮೇಲೆ ಗೋಪುರ ಬರುತ್ತದೆ, ಬಂಡೆ ಬರುತ್ತದೆ, ಆ ಸಂಜೆ ಮಾತ್ರ ಬರುವುದಿಲ್ಲ. ಫೋನಿನ ಕ್ಯಾಮೆರಾ ನೆರಳನ್ನು ಕಪ್ಪಾಗಿಸುತ್ತದೆ, ದೂರದ ಗುಡ್ಡವನ್ನು ಕುಗ್ಗಿಸುತ್ತದೆ. ಆದ್ದರಿಂದ ಮೊದಲು ನೆನಪು, ಆಮೇಲೆ ಫೋಟೋ.

ನೆನಪು ಗಟ್ಟಿಯಾಗಿ ಉಳಿಯಬೇಕಾದರೆ ಜಾಗದಲ್ಲೇ ಹತ್ತು ನಿಮಿಷ ಕೊಡಬೇಕು. ಅಂಗೈ ಅಗಲದ ಒಂದು ಚೌಕದೊಳಗೆ ಪೆನ್ಸಿಲ್ಲಿನಿಂದ ಮೂರೇ ಛಾಯೆ ತುಂಬಿ: ಬೆಳಕು, ನಡು, ಕತ್ತಲು. ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ಬಾಣ ಹಾಕಿ, ಗಂಟೆ ಬರೆಯಿರಿ. ಬಣ್ಣವನ್ನು ನಿಮಗೆ ಪರಿಚಯವಿರುವ ವಸ್ತುವಿನ ಹೆಸರಿನಲ್ಲೇ ಗುರುತಿಸಿಕೊಳ್ಳಿ. ‘ಕಂದು’ ಎಂದು ಬರೆದರೆ ಮನೆಗೆ ಬಂದಮೇಲೆ ಏನೂ ನೆನಪಾಗದು. ‘ಹಳೇ ಬೆಲ್ಲ’, ‘ಒಣಗಿದ ಕಾವಿ’, ‘ರಾಗಿ ಹಿಟ್ಟು’ ಎಂದು ಬರೆದರೆ ಬಣ್ಣ ಕಣ್ಣಿಗೆ ಬರುತ್ತದೆ.

ಮನೆಯಲ್ಲಿ ಫೋಟೋ ತೆರೆಯದೆ, ಆ ಟಿಪ್ಪಣಿ ನೋಡಿಕೊಂಡೇ ಅಂಚೆ ಕಾರ್ಡಿನಷ್ಟು ದೊಡ್ಡ ಚಿತ್ರ ಒಂದನ್ನು ಬಿಡಿಸಿ. ನೆನಪಿನಲ್ಲಿ ಇಲ್ಲದ್ದು ಚಿತ್ರಕ್ಕೂ ಬೇಕಿಲ್ಲ. ವಿದ್ಯುತ್ ಕಂಬ, ನೀರಿನ ಟ್ಯಾಂಕು ಹೀಗೆ ತಾವಾಗಿಯೇ ಉದುರಿಹೋಗುತ್ತವೆ. ಆಮೇಲೆ ಫೋಟೋ ನೋಡುವುದು ಅಳತೆ ತಿದ್ದಲು ಮಾತ್ರ. ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಒಂಬತ್ತು ಅಂತಸ್ತು, ಎತ್ತರ ಸುಮಾರು 50 ಮೀಟರ್. ಮೇಲೆ ಹೋದಂತೆ ಅಂತಸ್ತಿನ ಅಗಲವೂ ಎತ್ತರವೂ ಕಿರಿದಾಗುತ್ತವೆ. ಎಲ್ಲವನ್ನೂ ಸಮನಾಗಿ ಎಳೆದರೆ ಊಟದ ಡಬ್ಬಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತದೆ.

ಇನ್ನು ದೊಡ್ಡ ಚಿತ್ರ. ಕಾಗದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ), ಕೋಲ್ಡ್ ಪ್ರೆಸ್ (ಮೇಲ್ಮೈ ತುಸು ಒರಟಾದದ್ದು), ಸಾಧ್ಯವಾದರೆ ಪೂರ್ತಿ ಹತ್ತಿಯದು. ಹಣ ಉಳಿಸುವುದಿದ್ದರೆ ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಬೇಡ. ತೆಳು ಕಾಗದ ನೀರು ಬಿದ್ದೊಡನೆ ಅಲೆ ಏಳುತ್ತದೆ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ. 28×38 ಸೆಂ.ಮೀ. ಹಾಳೆಯನ್ನು ಹಲಗೆಗೆ ಮಾಸ್ಕಿಂಗ್ ಟೇಪಿನಿಂದ ನಾಲ್ಕೂ ಕಡೆ ಅಂಟಿಸಿ, ಹಲಗೆ ಓರೆಯಾಗುವಂತೆ ಅದರ ಮೇಲ್ತುದಿಯ ಕೆಳಗೆ ಒಂದು ದಪ್ಪ ಪುಸ್ತಕ ಇಡಿ. ಎರಡು ಲೋಟ ನೀರು: ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣಕ್ಕೆ. ಒಂದು ಇಂಚಿನ ಚಪ್ಪಟೆ ಕುಂಚ, 12 ಮತ್ತು 6ನೇ ನಂಬರಿನ ದುಂಡು ಕುಂಚ ಸಾಕು. ಬಣ್ಣ ನಾಲ್ಕೇ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಅಲ್ಟ್ರಾಮರೀನ್ ಬ್ಲೂ (ಗಾಢ ನೀಲಿ), ಕ್ವಿನಾಕ್ರಿಡೋನ್ ರೋಸ್ (ಗುಲಾಬಿ). ರೋಸ್ ಬದಲಿಗೆ ಅಲಿಝರಿನ್ ಕ್ರಿಮ್ಸನ್ ಕೊಳ್ಳುವವರು ಟ್ಯೂಬಿನ ಮೇಲೆ ಪಿಆರ್ 83 (PR83, ಬಣ್ಣದ ಪುಡಿಯ ಗುರುತಿನ ಸಂಖ್ಯೆ) ಎಂದಿದೆಯೇ ನೋಡಿ. ಇದ್ದರೆ ಬಿಡಿ, ಅದು ಬೆಳಕಿಗೆ ಮಾಸುತ್ತದೆ.

ಮೊದಲು ಆಕಾಶ. ಬಣ್ಣವನ್ನು ಮುಂಚೆಯೇ ಕಲಸಿಟ್ಟುಕೊಳ್ಳಿ, ಒಂದೊಂದೂ ಎರಡು ಚಮಚದಷ್ಟು; ನಡುವೆ ಕಲಸಲು ನಿಂತರೆ ಅಂಚು ಒಣಗಿ ಗೆರೆ ಬೀಳುತ್ತದೆ. ಗೋಪುರವನ್ನು ಬಿಟ್ಟು ಉಳಿದ ಆಕಾಶಕ್ಕೆ ಬರೀ ನೀರು ಹಚ್ಚಿ, ಕನ್ನಡಿಯಂಥ ಹೊಳಪು ಇಳಿದು ರೇಷ್ಮೆಯ ಮಿನುಗು ಬರುವವರೆಗೆ ಕಾಯಿರಿ. ಕೆಳಗೆ ತೆಳುವಾದ ಓಕರ್, ಮೇಲಿನಿಂದ ನೀಲಿ. ಇವೆರಡು ನೇರವಾಗಿ ಕೂಡಿದರೆ ಆಕಾಶ ಹಸಿರು ತಿರುಗುತ್ತದೆ, ಅದಕ್ಕೇ ನಡುವೆ ಒಂದು ಪಟ್ಟಿ ರೋಸ್. ಆಮೇಲೆ ಮುಟ್ಟಬೇಡಿ. ಅರೆ ಒಣಗಿದ ಬಣ್ಣಕ್ಕೆ ನೀರು ತುಂಬಿದ ಕುಂಚ ತಾಗಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಒಣಗಿತೋ ಇಲ್ಲವೋ ನೋಡಲು ಕೈಯ ಹಿಂಬದಿಯನ್ನು ಕಾಗದಕ್ಕೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಹಸಿ.

ಹಂಪಿಯ ಚಿತ್ರ ಗೆಲ್ಲುವುದೂ ಸೋಲುವುದೂ ಬಂಡೆಗಳಲ್ಲಿ. ಬಹಳ ಮಂದಿ ಒಂದೊಂದು ಬಂಡೆಗೂ ಸುತ್ತ ಗೆರೆ ಎಳೆದು ಬಣ್ಣ ತುಂಬುತ್ತಾರೆ. ಆಗ ಕಾಣುವುದು ಆಲೂಗಡ್ಡೆ ರಾಶಿ. ಹಾಗೆ ಮಾಡದೆ ಇಡೀ ಬಂಡೆಗುಂಪಿಗೆ ಒಂದೇ ತಿಳಿ ಲೇಪ ಕೊಡಿ: ಓಕರ್, ಚೂರು ಸಿಯೆನ್ನಾ, ಹನಿ ರೋಸ್. ನೆತ್ತಿಯಲ್ಲಿ ಒಂದೆರಡು ಕಡೆ ಕಾಗದದ ಬಿಳಿಯನ್ನೇ ಉಳಿಸಿ. ಪೂರ್ತಿ ಒಣಗಲಿ. ಆಮೇಲೆ ನೆರಳು: ಎರಡು ಪಾಲು ಅಲ್ಟ್ರಾಮರೀನ್, ಒಂದು ಪಾಲು ಸಿಯೆನ್ನಾ, ತುದಿಯಷ್ಟು ರೋಸ್. ಹೇಮಕೂಟದ ಮೇಲೆ ಉತ್ತರಕ್ಕೆ, ಗುಡಿಯ ಕಡೆ ಮುಖ ಮಾಡಿದರೆ ಸಂಜೆ ಬಿಸಿಲು ಎಡಗಡೆಯಿಂದ. ಹಾಗಾಗಿ ನೆರಳೆಲ್ಲ ಬಲಕ್ಕೆ. ಪಕ್ಕಪಕ್ಕದ ಬಂಡೆಗಳ ನೆರಳನ್ನು ಬೇರೆ ಬೇರೆ ಹಾಕದೆ ಕುಂಚ ಎತ್ತದೆ ಒಂದೇ ಹರಿವಿನಲ್ಲಿ ಸೇರಿಸಿ, ಬಂಡೆಯ ಉಬ್ಬಿನ ಕಡೆಯ ಅಂಚನ್ನು ಒದ್ದೆ ಕುಂಚದಿಂದ ಮೆದು ಮಾಡಿ. ಅಲ್ಟ್ರಾಮರೀನ್ ಒಣಗುವಾಗ ಕಾಗದದ ಗುಳಿಗಳಲ್ಲಿ ಕಣಕಣವಾಗಿ ಕೂರುತ್ತದೆ, ಕಲ್ಲಿನ ಒರಟು ಅಲ್ಲೇ ಬಂದುಬಿಡುತ್ತದೆ. ಬಂಡೆ ಬಂಡೆಯ ಮೇಲೆ ಕೂತ ಸಂದಿಗೆ ಮಾತ್ರ, ಹೆಚ್ಚು ನೀರಿಲ್ಲದೆ, ಅತಿ ಗಾಢ ಬಣ್ಣ.

ನೆರಳು ಹಸಿಯಿದ್ದಾಗ ಕಡುವಾಗಿ ಕಂಡರೂ ಒಣಗಿದ ಮೇಲೆ ತಿಳಿಯಾಗುತ್ತದೆ, ಆದ್ದರಿಂದ ಧೈರ್ಯವಾಗಿ ಹಾಕಿ. ಸಾಲಲಿಲ್ಲವೆಂದು ಅದರ ಮೇಲೆ ಮೂರು ನಾಲ್ಕು ಸಲ ತಿಕ್ಕಿದರೆ ಕೆಳಗಿನ ಲೇಪ ಎದ್ದು ಕೆಸರಾಗುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಕೂತು ಬಿಡಿಸುವವರಿಗೆ ಲೇಪ ಹರಿಯುವ ಮುಂಚೆಯೇ ಒಣಗುತ್ತದೆ. ಅಂಥಲ್ಲಿ ಟೇಪು ಹಾಕುವ ಮೊದಲು ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿ. ಕರಾವಳಿಯ ಮಳೆಗಾಲದಲ್ಲಿ ತದ್ವಿರುದ್ಧ, ಹೇರ್ ಡ್ರೈಯರ್ ಇಲ್ಲದೆ ಎರಡನೇ ಲೇಪಕ್ಕೆ ಕೈ ಹಾಕಬೇಡಿ.

ಗೋಪುರ ಕೊನೆಗೆ. ಎಡಮುಖಕ್ಕೆ ನೀರಿನಂಥ ಓಕರ್, ಬಲಮುಖಕ್ಕೆ ಅದೇ ಬಣ್ಣದಲ್ಲಿ ಒಂದು ಛಾಯೆ ಹೆಚ್ಚು. ಶಿಲ್ಪಗಳನ್ನು ಎಣಿಸಲು ಹೋಗದೆ, ಅಂತಸ್ತುಗಳ ನಡುವೆ ಸಣ್ಣ ಕುಂಚದಿಂದ ತುಂಡು ತುಂಡಾದ ನೆರಳು ಕೊಟ್ಟರೆ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಬಂಡೆಯ ಮೇಲೆ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯನನ್ನು ಕೂರಿಸಿ, ಗುಡ್ಡದ ಎತ್ತರ ಆಗಲೇ ತಿಳಿಯುವುದು.

ಒಣಗಿದ ಮೇಲೆ ಟೇಪನ್ನು ಚಿತ್ರದಿಂದ ಹೊರಗಡೆಗೆ ಓರೆಯಾಗಿ, ನಿಧಾನ ಎಳೆಯಿರಿ. ಹಾಳೆ ಬಾಗಿದ್ದರೆ ಹಿಂಬದಿಗೆ ಒದ್ದೆ ಬಟ್ಟೆ ಸವರಿ, ಎರಡು ಬಿಳಿ ಕಾಗದದ ನಡುವೆ ಇಟ್ಟು, ರಾತ್ರಿಯಿಡೀ ಪುಸ್ತಕ ಹೇರಿ. ಹಿಂದೆ ಪೆನ್ಸಿಲ್ಲಿನಲ್ಲಿ ಜಾಗ, ತಾರೀಕು, ಗಂಟೆ ಬರೆದು, ಜಾಗದಲ್ಲೇ ಮಾಡಿದ್ದ ಆ ಸಣ್ಣ ಚೌಕವನ್ನೂ ಜೊತೆಗೆ ಅಂಟಿಸಿಡಿ.