ಗೋದಾಮು ಎಲ್ಲಿ ಕಟ್ಟಬೇಕು? ಮೊದಲು ಮೂಟೆಯ ಹಿಂದೆ ಹೋಗಿ

ನಮ್ಮ ಸೋದರಮಾವನಿಗೆ ಕಲಬುರಗಿ ಹತ್ತಿರ ಎರಡು ಎಕರೆ ಎರೆಹೊಲ ಇತ್ತು. ಜಾಗ ಸ್ವಂತದ್ದು, ಬಾಡಿಗೆ ಉಳಿಯುತ್ತದೆ ಎಂದು ಅಲ್ಲೇ ತೊಗರಿ ಗೋದಾಮು ಕಟ್ಟಿಸಿದರು. ಡಾಂಬರು ರಸ್ತೆಯಿಂದ ಒಂದೇ ಕಿಲೋಮೀಟರ್ ಒಳಗೆ. ಮೊದಲ ಮಳೆಗಾಲದಲ್ಲೇ ಲಾರಿ ಹೂತುಕೊಂಡಿತು. ಡ್ರೈವರ್ ಕೆಳಗಿಳಿದು ಹೇಳಿದ ಮಾತು ಇನ್ನೂ ನೆನಪಿದೆ: ‘ಎರಿ ಹೊಲ ರೀ ಇದು. ಮಳಿ ಬಂದ್ರ ಕಾಲಾಗಿನ ಚಪ್ಪಲಿನೇ ಬಿಡಂಗಿಲ್ಲ, ಲಾರಿ ಬಿಡ್ತದೇನ್ರಿ?’ ಮರುವರ್ಷ ಬೇಸಿಗೆಗೆ ಒಳಗಿನ ನೆಲವೂ ಬಿರುಕು ಬಿಟ್ಟಿತು. ಈಗ ಅಲ್ಲಿ ಕಣಕಿ ಒಟ್ಟಿದ್ದಾರೆ.

ಜಾಗ ಇದೆಯಲ್ಲ ಎಂದು ಗೋದಾಮು ಕಟ್ಟುವವರೇ ನಮ್ಮಲ್ಲಿ ಜಾಸ್ತಿ. ಲೆಕ್ಕ ಶುರುವಾಗಬೇಕಾದದ್ದು ಮಾಲಿನಿಂದ. ಅದು ಎಲ್ಲಿಂದ ಬರುತ್ತದೆ, ಯಾವ ತಿಂಗಳು ಬರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ? ನಮ್ಮ ಕಡೆಯ ಮಾಲು ತೊಗರಿ ಆದ್ದರಿಂದ ಅದನ್ನೇ ಹಿಡಿದು ನೋಡೋಣ.

ಮೊದಲು ಟನ್ ಗುಣಿಸು ಕಿಲೋಮೀಟರ್

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ವರ್ಷ ಯಾವ ತಾಲ್ಲೂಕಿನಿಂದ ಎಷ್ಟು ಟನ್ ಬಂತು ಎಂದು ಬರೆಯಿರಿ. ಹೊಸದಾಗಿ ಶುರು ಮಾಡುವವರು ಗಂಜ್‌ನ (ಧಾನ್ಯ ಮಾರುಕಟ್ಟೆಯ) ಅಡತಿ ಅಂಗಡಿಗಳಲ್ಲಿ ಒಂದೆರಡು ದಿನ ಕೂತರೆ ಅಂದಾಜು ಸಿಗುತ್ತದೆ. ಆಮೇಲೆ ಟನ್ನನ್ನು ಕಿಲೋಮೀಟರ್‌ನಿಂದ ಗುಣಿಸಿ. ಅಷ್ಟೇ ಗಣಿತ.

ಉದಾಹರಣೆಗೆ, ಆಳಂದದಿಂದ 600 ಟನ್, ಜೇವರ್ಗಿಯಿಂದ 300 ಟನ್ ತೊಗರಿ ಬರುತ್ತದೆ ಎಂದುಕೊಳ್ಳಿ. ಎರಡೂ ಊರು ಕಲಬುರಗಿಯಿಂದ ಹೆಚ್ಚುಕಡಿಮೆ 40 ಕಿಲೋಮೀಟರ್, ಆದರೆ ಬೇರೆ ಬೇರೆ ದಿಕ್ಕಿಗೆ. ಗೋದಾಮು ನಡುವೆ ಕಲಬುರಗಿಯಲ್ಲಿದ್ದರೆ 900ನ್ನು 40ರಿಂದ ಗುಣಿಸಿ, 36,000 ಆಯಿತು. ಆಳಂದದಲ್ಲೇ ಇದ್ದರೆ ಜೇವರ್ಗಿಯ 300 ಟನ್ ಮಾತ್ರ 80 ಕಿಲೋಮೀಟರ್ ಓಡುತ್ತದೆ. ಅದು 24,000. ನಕ್ಷೆಯಲ್ಲಿ ನಡುವೆ ಕಾಣುವ ಊರೇ ಸರಿಯಾದ ಜಾಗ ಅಂತೇನಿಲ್ಲ, ಅಲ್ವಾ? ತೂಕ ಎಲ್ಲಿ ಜಾಸ್ತಿಯೋ ಗೋದಾಮು ಅತ್ತ ಜಗ್ಗುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಮಾಲು ಹೊರಗೂ ಹೋಗಬೇಕಲ್ಲ. ಜೊತೆಗೆ ಬೇಳೆ ಮಿಲ್ಲೂ ಇದೆ ಎಂದುಕೊಳ್ಳೋಣ. ನೂರು ಕ್ವಿಂಟಲ್ ತೊಗರಿ ಒಡೆದರೆ ಬೇಳೆ ಸಿಗುವುದು ಸುಮಾರು 70 ಕ್ವಿಂಟಲ್. ಉಳಿದದ್ದು ಹೊಟ್ಟು, ನುಚ್ಚು. ಅಂದರೆ 900 ಟನ್ನಿನಿಂದ 630 ಟನ್ ಬೇಳೆ. ಅದು ಜೇವರ್ಗಿ ಮೇಲಿಂದ ಬೆಂಗಳೂರಿಗೆ ಹೋಗುವುದಾದರೆ, ಜೇವರ್ಗಿಯವರೆಗಿನ ಓಟವನ್ನೂ ಕೂಡಿಸಿ. ಆಳಂದದ ಲೆಕ್ಕ 74,400ಕ್ಕೆ ಏರುತ್ತದೆ. ಕಲಬುರಗಿಯದು 61,200. ಜೇವರ್ಗಿಯಲ್ಲೇ ಮಿಲ್ ಹಾಕಿದರೆ ಬರೀ 48,000! ಮೊದಲ ಲೆಕ್ಕದಲ್ಲಿ ಗೆದ್ದ ಊರು ಎರಡನೆಯದರಲ್ಲಿ ಕೊನೆಗೆ ಬಿತ್ತು.

ಬೇಳೆ ಹೈದರಾಬಾದಿಗೆ ಹೋಗುವುದಾದರೆ ಉತ್ತರ ಮತ್ತೆ ಬೇರೆ. ಆಗ ಹುಮನಾಬಾದ್ ಕಡೆ ನೋಡಬೇಕು. ಬೀದರ್–ಕಲಬುರಗಿ–ವಿಜಯಪುರದ 50ನೇ ರಾಷ್ಟ್ರೀಯ ಹೆದ್ದಾರಿಯೂ ಪುಣೆ–ಸೊಲ್ಲಾಪುರ–ಹೈದರಾಬಾದಿನ 65ನೇ ಹೆದ್ದಾರಿಯೂ ಅಲ್ಲೇ ಕೂಡುತ್ತವೆ. ಸೋಪು, ಬಿಸ್ಕತ್ತು, ಔಷಧಿ ಇಟ್ಟು ಬೀದರ್, ಕಲಬುರಗಿ ಎರಡೂ ಜಿಲ್ಲೆಗೆ ಹಂಚುವವರಿಗಂತೂ ನನ್ನ ಆಯ್ಕೆ ಹುಮನಾಬಾದೇ.

ಇನ್ನೊಂದು ಸೂಕ್ಷ್ಮ. ಎಲ್ಲ ಕಿಲೋಮೀಟರ್‌ಗೂ ಒಂದೇ ಬೆಲೆ ಅಲ್ಲ. ಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಬರುವ ಒಂದು ಟನ್ನಿಗೆ ಬೀಳುವ ಬಾಡಿಗೆ, ತುಂಬಿದ ಲಾರಿಯಲ್ಲಿ ಹೋಗುವ ಒಂದು ಟನ್ನಿಗಿಂತ ಜಾಸ್ತಿ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಟ್ರ್ಯಾಕ್ಟರ್ ಓಟಕ್ಕೆ ಒಂದು ದರ, ಲಾರಿ ಓಟಕ್ಕೆ ಒಂದು ದರ ಹಾಕಿ. ಆಗ ಆಳಂದ ಮತ್ತೆ ಸ್ವಲ್ಪ ಮೇಲೆ ಬರಬಹುದು.

ತೂಕ ಕಳೆದುಕೊಳ್ಳುವ ಕಚ್ಚಾ ಮಾಲು ಕಾರ್ಖಾನೆಯನ್ನು ತನ್ನ ಹತ್ತಿರಕ್ಕೆ ಎಳೆಯುತ್ತದೆ ಎಂದು ಜರ್ಮನಿಯ ಆಲ್ಫ್ರೆಡ್ ವೆಬರ್ 1909ರಲ್ಲೇ ಬರೆದಿದ್ದರು. ನಾವು ಅದನ್ನು ಓದಬೇಕಿಲ್ಲ, ವಾಡಿಗೋ ಮಳಖೇಡಕ್ಕೋ ಹೋದರೆ ಸಾಕು. ಸುಣ್ಣದ ಕಲ್ಲು ಸುಟ್ಟರೆ ಅದರ ತೂಕದಲ್ಲಿ ಶೇ 40ಕ್ಕಿಂತ ಜಾಸ್ತಿ ಗಾಳಿಗೆ ಹೋಗುತ್ತದೆ. ಆ ತೂಕವನ್ನು ಸುಮ್ನೆ ಯಾರು ಹೊತ್ತು ತಿರುಗುತ್ತಾರೆ? ಅದಕ್ಕೇ ಸಿಮೆಂಟ್ ಕಾರ್ಖಾನೆ ಕಲ್ಲಿನ ಪಕ್ಕದಲ್ಲೇ ಕೂತಿದೆ. (ನೃಪತುಂಗನ ಕಾಲದಲ್ಲಿ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅವರು ಜಾಗ ಆರಿಸಿದ ಲೆಕ್ಕ ಬೇರೆ ಇದ್ದೀತು!)

ಆಮೇಲೆ ಮಣ್ಣು, ನೀರು

ಲೆಕ್ಕ ಮುಗಿದ ಮೇಲೆ ಎರಡು ಮೂರು ಊರು ಉಳಿಯುತ್ತವೆ. ಈಗ ಜಾಗ ನೋಡಲು ಹೋಗಿ. ಆದರೆ ಫೆಬ್ರುವರಿಯಲ್ಲಿ ಹೋಗಬೇಡಿ. ಆಗ ಎಲ್ಲ ಜಾಗವೂ ಚೆಂದ ಕಾಣುತ್ತದೆ. ಆಗಸ್ಟಿನಲ್ಲಿ, ಎರಡು ದಿನ ಜಿಟಿಜಿಟಿ ಮಳೆ ಬಿದ್ದ ಮೇಲೆ ಹೋಗಿ. ಜೊತೆಗೆ ಒಬ್ಬ ಲಾರಿ ಡ್ರೈವರನ್ನೂ ಕರೆದುಕೊಂಡು ಹೋಗಿ. ಎಲ್ಲಿ ತಿರುಗಿಸಲು ಆಗುವುದಿಲ್ಲ, ಯಾವ ಕರೆಂಟ್ ತಂತಿ ಲೋಡಿಗೆ ತಾಗುತ್ತದೆ, ಯಾವ ಹಳೇ ಸೇತುವೆ ಭಾರ ತಡೆಯುವುದಿಲ್ಲ ಎಂದು ಅವನು ಐದು ನಿಮಿಷದಲ್ಲಿ ಹೇಳುತ್ತಾನೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಗೋಡೆ, ನೆಲ ಎರಡೂ ಅದರ ಜೊತೆ ಆಡುತ್ತವೆ. ಪಾಯವನ್ನು ಗಟ್ಟಿ ಪದರದವರೆಗೆ ಇಳಿಸಬೇಕು, ಇಲ್ಲವೇ ಕೆಳಗೆ ಉಬ್ಬುಗಂಟು ಇರುವ ಪೈಲ್ ಹಾಕಬೇಕು. ನೆಲದ ಅಡಿಯ ಎರೆ ತೆಗೆದು ಮುರುಮ್ (ಗರಸು ಮಣ್ಣು) ತುಂಬಿ ಕುಟ್ಟಬೇಕು. ಇದರ ಖರ್ಚನ್ನು ಜಾಗದ ಬೆಲೆಗೆ ಕೂಡಿಸಿ ನೋಡಿ. ಅಗ್ಗದ ಹೊಲ ಎಷ್ಟೋ ಸಲ ದುಬಾರಿ ಆಗಿರುತ್ತದೆ. ಬೀದರ್ ಸುತ್ತ ಜಂಬಿಟ್ಟಿಗೆ ನೆಲ ಸಿಕ್ಕರೆ ಈ ತಲೆನೋವು ಕಡಿಮೆ.

ಭೀಮಾ, ಕಾಗಿಣಾ ದಂಡೆಯ ಊರುಗಳಲ್ಲಿ ಒಂದೇ ಪ್ರಶ್ನೆ ಕೇಳಿ: 2020ರ ಅಕ್ಟೋಬರ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಆ ವರ್ಷ ಭೀಮಾ ಉಕ್ಕಿದ್ದನ್ನು ಜನ ಮರೆತಿಲ್ಲ. ಕಟ್ಟೆಯ ಮೇಲೆ ಕೂತ ಅಜ್ಜ ಗೋಡೆಯ ಮೇಲಿನ ಗುರುತನ್ನೇ ತೋರಿಸುತ್ತಾರೆ.

ಕಾಗದ, ಕರೆಂಟ್, ಹಮಾಲರು

ಕೃಷಿ ಜಮೀನಿನಲ್ಲಿ ವ್ಯಾಪಾರದ ಗೋದಾಮು ಕಟ್ಟಲು ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಭೂಪರಿವರ್ತನೆ, ಮಾಡಿಸಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ಪಹಣಿ, ದಾರಿಯ ಹಕ್ಕು ಎರಡನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ದಾರಿಯ ಹಕ್ಕಿಲ್ಲದ ಗೋದಾಮು ಅಂದರೆ ಬಾಗಿಲಿಲ್ಲದ ಮನೆ. ಈ ಓಡಾಟ ಬೇಡ ಎನ್ನುವವರು ಕೈಗಾರಿಕಾ ಪ್ರದೇಶದ ನಿವೇಶನ ಕೇಳಬಹುದು. ಕಲಬುರಗಿಯಲ್ಲಿ ಕಪನೂರು, ನಂದೂರು, ಯಾದಗಿರಿ ಜಿಲ್ಲೆಯಲ್ಲಿ ಕಡೇಚೂರು, ಬೀದರ್‌ನಲ್ಲಿ ಕೊಳಾರ ಇವೆ.

ಸಾಲ ಬೇಕಿದ್ದರೆ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ ವಿಚಾರಿಸಿ. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ, ಗರಿಷ್ಠ 7 ವರ್ಷ. ರೈತರ ಮಾಲು ಇಡುವುದಾದರೆ 2007ರ ಉಗ್ರಾಣ ಕಾಯ್ದೆಯಡಿ ನೋಂದಣಿ ಮಾಡಿಸುವುದು ಒಳ್ಳೆಯದು. ಆಗ ನೀವು ಕೊಡುವ ಎಲೆಕ್ಟ್ರಾನಿಕ್ ರಸೀದಿ ತೋರಿಸಿ ರೈತ ಬ್ಯಾಂಕಿನಲ್ಲಿ ಅಡವು ಸಾಲ ಪಡೆಯಬಹುದು. ದರ ಬಿದ್ದಾಗ ಮಾರದೆ ಕಾಯಬಹುದು.

ಮಿಲ್ ಇದ್ದರೆ ಕರೆಂಟ್ ಕೊಡುವ ಜೆಸ್ಕಾಂ ಕಚೇರಿಯಲ್ಲಿ ಆ ಫೀಡರ್‌ನಲ್ಲಿ ಎಷ್ಟು ಲೋಡ್ ಸಿಗುತ್ತದೆ ಎಂದು ಮೊದಲೇ ಕೇಳಿ. ತೂಕದ ಕಾಟಾ ಹತ್ತಿರ ಇದೆಯೇ ನೋಡಿ. ಹಮಾಲರ ಮಾತಂತೂ ಎಲ್ಲರೂ ಮರೆಯುತ್ತಾರೆ. ಸುಗ್ಗಿಯಲ್ಲಿ ಬೆಳಿಗ್ಗೆ ಹತ್ತು ಜನ ಬೇಕು ಎಂದರೆ ಅವರು ಊರಿನಿಂದ ಬಸ್ಸಿನಲ್ಲಿ ಬರುವಂತಿರಬೇಕು. ಇಲ್ಲದಿದ್ದರೆ ದಿನಾ ಟಂಟಂ ಬಾಡಿಗೆ ನಿಮ್ಮ ತಲೆ ಮೇಲೆ.

ಇಷ್ಟೆಲ್ಲ ಆದ ಮೇಲೂ ತಕ್ಷಣ ಕಟ್ಟಬೇಡಿ ಎಂಬುದು ನನ್ನ ಸಲಹೆ. ಆರಿಸಿದ ಊರಿನಲ್ಲೇ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ತೊಗರಿ ಸುಗ್ಗಿಗೆ, ಒಂದು ಶೆಡ್ ಬಾಡಿಗೆಗೆ ಹಿಡಿಯಿರಿ. ಅದೇ ನೋಟ್‌ಬುಕ್ಕಿನಲ್ಲಿ ಪ್ರತಿ ಲಾರಿ ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ಬಾಡಿಗೆ ಬರೆಯುತ್ತಾ ಹೋಗಿ. ನಾಲ್ಕು ತಿಂಗಳ ಆ ಪುಟಗಳನ್ನೇ ಎಂಜಿನಿಯರ್ ಮುಂದೆ ಇಡಿ. ಬಾಗಿಲು ಎಷ್ಟು ಬೇಕು, ಅಂಗಳ ಎಷ್ಟು ಬಿಡಬೇಕು ಎಂದು ಅವರು ಅದರಿಂದಲೇ ಹೇಳುತ್ತಾರೆ.